ಐದೂವರೆ ತಾಸು

ಮೊದಲು ಎರಡೇ ಖಾನೆ ಮಾಡಿದ್ದೆ:
ಮೇಲೆ ಹವಾ, ಕೆಳಗೆ ನಾನು.
ಮೇಲಿನದನ್ನು ಎಲ್ಲಿಯದೋ ಸರ್ವರು ತುಂಬುತ್ತದೆ,
ಕೆಳಗಿನದನ್ನು ನಾನೇ ತುಂಬಬೇಕು.
ತಡ ಆಗುವುದು ಅಲ್ಲೇ.

ಇಂಗ್ಲಿಷಿನಲ್ಲಿ ಯಾದಗಿರಿ ಅಂತ ಹೊಡೆದೆ. ಇಲ್ಲ ಅಂತು.
ಕೊನೆಯ ಐ ಅಳಿಸಿದೆ, ಊರು ಸಿಕ್ಕಿತು.
ನಲವತ್ತಮೂರು ಡಿಗ್ರಿ, ಆರ್ದ್ರತೆ ಹದಿನಾಲ್ಕು.

ಮಾಳಿಗೆ ಮೇಲೆ ಸಂಡಿಗೆ ಹಾಕುತ್ತಿದ್ದ
ಭೀಮಬಾಯಿಗೆ ತೋರಿಸಿದೆ.
"ನಲವತ್ಮೂರಂತ? ಯಾರ ಅಳದಾರ?
ಬರಿಗಾಲ್ಲೆ ಬಂದು ಈ ಮಾಳಗಿ ಮ್ಯಾಲ
ನಿಂತದೇನು ಅದು?"

ಅವತ್ತೇ ನಡುವೆ ಇನ್ನೊಂದು ಖಾನೆ ತೆಗೆದೆ:
'ನಿಮ್ಮ ಪ್ರಕಾರ'.
ಅವಳು ಹೇಳಿದಳು, ನಾನು ಬರೆದೆ:
ಸಂಡಿಗಿ ಮಧ್ಯಾಹ್ನಕ್ಕೇ ಅರಿವಿ ಬಿಟ್ಟು ಎದ್ದವು.
ಹಾಗಂದರೆ ಎಷ್ಟು ಡಿಗ್ರಿ, ಪ್ರೋಗ್ರಾಮಿಗೆ ತಿಳಿಯದು.
ಇರಲಿ. ಅದು ಅಕ್ಷರದ ಖಾನೆ, ಅಂಕಿ ಕೇಳುವುದಿಲ್ಲ.

ನನ್ನ ಪಾಳಿ ರಾತ್ರಿಯದು,
ದವಾಖಾನೆ ಎದುರಿನ ಔಷಧದ ಅಂಗಡಿ.
ಮುಂಬೈ ಗಾಡಿ ಹೋದ ಮೇಲೆ ಯಾರೂ ಬರುವುದಿಲ್ಲ,
ಬಂದರೆ ಕೂಸಿನ ಜ್ವರದ ಸಿರಪ್ಪು, ಗ್ಲೂಕೋಸು.
ಬಿಲ್ ಬುಕ್ಕಿಗೆ ಮೊಬೈಲು ಒರಗಿಸಿ ಆಗ ಬರೆಯುತ್ತೇನೆ.

ಏಪ್ರಿಲ್ ಹದಿನೆಂಟು, ರಾತ್ರಿ ಎರಡು ಇಪ್ಪತ್ತು:
ಒಂದೂವರೆಗೆ ಫೋನಿನಲ್ಲಿ ಸಾಬಣ್ಣನ ಜೋಡಿ ಜಗಳ.
ಲ್ಯಾಪ್‌ಟಾಪು ಅವನದು, ತಂಗಿಯ ಪರೀಕ್ಷೆಗೆ ವಾಪಸು ಕೇಳಿದ.
ಅವನು ಕೇಳಿದ್ದು ತಪ್ಪಲ್ಲ.
ನಾನು ಅಂದದ್ದು
(ಇಲ್ಲಿ ಅಳಿಸಿದ್ದೇನೆ).

'ಉಳಿಸು' ಒತ್ತಿದೆ.
ಏಪ್ರಿಲ್ ಹದಿನೇಳು ಅಂತು ತೆರೆ.

ನಿನ್ನೆ?
ಹುಡುಕಿದೆ, ತಪ್ಪು ಸಿಕ್ಕಿತು.
ಆ ಸರ್ವರಿನ ಗಡಿಯಾರ ಗ್ರೀನಿಚ್ ನೋಡಿ ನಡೆಯುತ್ತದೆ;
ನಮಗೆ ನಡುರಾತ್ರಿ ಆದರೂ ಅದಕ್ಕಿನ್ನೂ ಸಂಜೆ ಆರೂವರೆ.
ಹನ್ನೆರಡರಿಂದ ನಸುಕಿನ ಐದೂವರೆ ತನಕ
ಯಾದಗಿರಿಯಲ್ಲಿ ಬರೆದದ್ದೆಲ್ಲ
ನಿನ್ನೆಯ ಲೆಕ್ಕಕ್ಕೇ ಜಮಾ.

ತಿದ್ದಲು ಒಂದೇ ಸಾಲು ಸಾಕು.
ತಿದ್ದದೆ ಕೂತೆ.
ಜಗಳ ಉಂಡು ಮಲಗೋ ತನಕ ಅಂತಾರೆ.
ಡಬ್ಬಿ ಬಿಚ್ಚಿಲ್ಲ ನಾನು, ಮಲಗುವುದಂತೂ ದೂರ.
ಸ್ಟೇಷನ್ನಿನಲ್ಲಿ ಆಟೋ ಹಚ್ಚಿಕೊಂಡು
ಗಾಡಿ ಕಾಯುತ್ತಿರುವ ಸಾಬಣ್ಣನೂ ಎಚ್ಚರ.
ಸರ್ವರಿನ ಪ್ರಕಾರ ಇನ್ನೂ ಅದೇ ದಿನ.

ಫೋನು ಹಚ್ಚಿದೆ.
ಎತ್ತಿದ, ಮಾತಾಡಲಿಲ್ಲ.
"ಮೂವತ್ತು ಡಿಗ್ರಿ ತೋರಸ್ಲತ್ತದ," ಅಂದೆ,
"ನಿನ್ನ ಪ್ರಕಾರ ಹೆಂಗದ?"

ಯಾವುದೋ ಗೂಡ್ಸು ಅವನ ಕಡೆಯಿಂದ
ಉದ್ದಕ್ಕೆ ಹಾದುಹೋಯಿತು. ಡಬ್ಬಿ ಎಣಿಸಬಹುದಿತ್ತು.
"ಧಗಿ," ಅಂದ.
ಸ್ವಲ್ಪ ತಡೆದು,
"ಚಾ ಕುಡಿತಿಯೇನು, ತರ್ತೀನಿ."

ಮೂರನೇ ಖಾನೆಯಲ್ಲಿ ಬರೆದುಕೊಂಡೆ: ಧಗಿ.

ಆ ಸಾಲು ಮರುದಿನ ತಿದ್ದಿದೆ.
ಈಗ ತಾರೀಖು ಸರಿಯಾಗಿ ಬೀಳುತ್ತದೆ,
ಹದಿನೇಳರ ಆ ಪುಟ ಮಾತ್ರ ಮುಟ್ಟಿಲ್ಲ.
ಲ್ಯಾಪ್‌ಟಾಪು ಸೋಮವಾರ ಕೊಟ್ಟುಬಂದೆ,
ಚಾರ್ಜರು ಇಲ್ಲೇ ಉಳಿದಿದೆ, ಬಿಲ್ ಬುಕ್ಕಿನ ಹಿಂದೆ.
ಅವನೂ ಕೇಳಿಲ್ಲ.
ಇವತ್ತು ಮೋಡ ಸೊನ್ನೆ.
ಭೀಮಬಾಯಿ ಪ್ರಕಾರ, ನಾಳೆ ಇದ್ದಾವು.