ತುಟಿಗೆ ಹೊಂದಿಸಿದ ಮಾತು

ಮಸಾಕಾದ ಪಕ್ಕ, ನ್ಯೆಂಡೋ ಪೇಟೆಯಲ್ಲಿ, ಟೈರಂಗಡಿಯ ಹಿಂದೆ
ತಗಡು ಹೊದ್ದ ನನ್ನ ವಿಡಿಯೊ ಕೊಟ್ಟಿಗೆ.
ಐನೂರು ಶಿಲ್ಲಿಂಗಿಗೆ ಎರಡು ಸಿನಿಮಾ,
ಬೆಂಚು ಸಾಲದಿದ್ದರೆ ಸೋಡಾ ಕ್ರೇಟು.
ಪರದೆಯಲ್ಲಿ ಚೀನೀಯರು ಹಾರುತ್ತಾರೆ.
ಪಕ್ಕದಲ್ಲಿ ಮೈಕು ಹಿಡಿದು ನಾನು
ಅವರ ಬಾಯಿಗೆ ಲುಗಾಂಡಾ ತುರುಕುತ್ತೇನೆ.

ಚೀನೀ ಭಾಷೆ ನನಗೆ ಬಾರದು. ಊರಿಗೇ ಗೊತ್ತು,
ಯಾರೂ ಕೇಳುವುದಿಲ್ಲ.
ತುಟಿ ಬಹಳ ಆಡಿದರೆ ಉದ್ದ ಮಾತು,
ಥಟ್ಟನೆ ಮುಚ್ಚಿದರೆ ಬೈಗುಳ.

ನಕಿಮೂಲಿ ಸ್ಕೂಲಿನ ಟೈ ಹಣೆಗೆ ಕಟ್ಟಿಕೊಂಡಳು.
ಅವಳ ಅವಳಿ ತಮ್ಮಂದಿರು ಕೊಳಾಯಿ ಸಾಲಿನಲ್ಲಿ
ಕ್ಯಾನು ಹೊತ್ತು ಒಂಟಿಗಾಲಲ್ಲಿ ನಿಂತರು, ಕೊಕ್ಕರೆಯ ಹಾಗೆ.
ಪಾದ್ರಿಗೂ ಮುಷ್ಟಿಗೆ ಅಂಗೈ ಒತ್ತಿ ವಂದನೆ.
ಪಾದ್ರಿ ಮರುವಂದಿಸಿದ,
ಆಮೇಲೆ ಅತ್ತಿತ್ತ ನೋಡಿದ.

ಲುಬ್ವಾಮನದು ಬೇರೆ. ಹದಿನೈದು ತುಂಬಿಲ್ಲ.
ಬಾಳೆಗೊನೆ ಲಾರಿಗೆ ಹೇರುವ ಅಪ್ಪ
ಸೊಂಟದ ಬೆಲ್ಟು ಬಿಚ್ಚಿದ ರಾತ್ರಿ
ಕಣ್ಣಲ್ಲಿ ಕಣ್ಣಿಟ್ಟು ಅಂದನಂತೆ:
"ಹೊಡಿ. ನನಗೆ ಗಂಜಿ ಕುಡಿಸಿದ್ದು ಈ ಕೈಯೇ.
ಅದನ್ನೇ ಒಮ್ಮೆ ಕೇಳಿ ಹೊಡಿ."

ಅಪ್ಪ ಹೊಡೆಯಲಿಲ್ಲ.
ಬೆಳಗಾಗೆದ್ದು ಹೆಡ್ಮಾಸ್ತರ ಬಾಗಿಲು ಬಡಿದ.
ಸಭೆ ಸೇರಿತು. ಎಲ್ಲರದೂ ಒಂದೇ ರಾಗ:
ಪರದೇಶದ ಸಿನಿಮಾ. ಹೆತ್ತವನಿಗೆ ಎದುರಾಡುವುದು
ಈ ಮಣ್ಣಿನದಲ್ಲ, ಸಮುದ್ರ ದಾಟಿ ಬಂದದ್ದು.
ನನ್ನ ಕೊಟ್ಟಿಗೆಗೆ ಒಂದು ತಿಂಗಳು ಬೀಗ.

ತಲೆ ತಗ್ಗಿಸಿ ನಿಂತಿದ್ದೆ. ಹೇಳಲಿಲ್ಲ.
ಆ ಮಾತು ಸಿನಿಮಾದ್ದಲ್ಲ, ನನ್ನದು,
ಇಪ್ಪತ್ತೇಳು ವರ್ಷ ಹಳೆಯದು.
ಕಾಫಿ ಒಣಹಾಕಿದ ಅಂಗಳದಲ್ಲಿ
ನನ್ನಪ್ಪನ ಕೈ ಮೇಲೇಳುವಾಗ ಗಂಟಲಲ್ಲೇ ಸಿಕ್ಕಿಕೊಂಡದ್ದು.
ಅಪ್ಪ ಸತ್ತ. ಅದು ಸಾಯಲಿಲ್ಲ.
ಮಾಳಿಗೆಯ ಮೇಲೆ ನಿಂತ ಆ ನಾಯಕನ ತುಟಿ
ಒಂದು ದಿನ ಸರಿಯಾಗಿ ಅಷ್ಟೇ ಉದ್ದಕ್ಕೆ ಆಡಿತು,
ಹೊಂದಿಸಿಬಿಟ್ಟೆ.

ಬೀಗ ತೆಗೆದ ವಾರ
ಡಾಂಬರು ರಸ್ತೆಯ ಕೆಲಸಕ್ಕೆ ಬಂದ ಷೆನ್ ಎಂಬ ಇಂಜಿನಿಯರು
ಕೊನೆಯ ಕ್ರೇಟಿನಲ್ಲಿ ಕೂತು ಹೊಟ್ಟೆ ಹಿಡಿದು ನಕ್ಕ.
"ಅವನು ಅಂದದ್ದು ಇಷ್ಟೇ ಮಾರಾಯಾ,
ಮಳೆ ಬರ್ತಿದೆ, ಬಟ್ಟೆ ತೆಗಿ."

ಶನಿವಾರ ಮತ್ತೆ ಅದೇ ಸಿನಿಮಾ, ಅದೇ ಮಾಳಿಗೆ.
ಹೆಡ್ಮಾಸ್ತರ ಕಿವಿ ತಗಡಿನಾಚೆ ಇದ್ದೀತೆಂಬ ಭಯಕ್ಕೋ
ಒಂದು ಸಲ ನಿಜ ನುಡಿಯುವ ಚಪಲಕ್ಕೋ
ಮೈಕಿನಲ್ಲಿ ಅಂದೆ:
ಮಳೆ ಬರ್ತಿದೆ, ಬಟ್ಟೆ ತೆಗಿ.

"ತಪ್ಪು! ತಪ್ಪು!"
ಕಡಲೆಕಾಯಿ ಸಿಪ್ಪೆ ನನ್ನ ಮೇಲೆ ಹಾರಿಬಂತು.
ನಕಿಮೂಲಿ ಕ್ರೇಟು ಗುದ್ದಿದಳು.
ಲುಬ್ವಾಮ ಎದ್ದು ನಿಂತು ಪೂರ್ತಿ ಒಪ್ಪಿಸಿದ,
ಗಂಜಿ, ಕೈ, ಎಲ್ಲ,
ನಾನು ಹಾಕಿರದ ಒಂದು ಪದ ನಡುವೆ ಸೇರಿಸಿ:
"ಹೊಡಿ, ಅಪ್ಪಾ."

ನಾಯಕನ ತುಟಿ ಅಷ್ಟುಹೊತ್ತಿಗೆ ಮುಚ್ಚಿತ್ತು.
ಮೈಕಿನ ತಂತಿ ಸರಿಮಾಡುವವನಂತೆ
ನಾನು ಬಗ್ಗಿದೆ,
ಸ್ವಲ್ಪ ಹೊತ್ತು ಏಳಲಿಲ್ಲ.