ಹದಿನೇಳಿಂಚು

ಇಪ್ಪತ್ತೊಂದರ ಗಾಲಿ ಬಿಚ್ಚಿ ಗೋಡೆಗೆ ಆನಿಸಿದಾಗ
ಬೈಕು, ಉಣ್ಣೆ ಕತ್ತರಿಸಿಕೊಳ್ಳುವ ಕುರಿಯ ಹಾಗೆ,
ಎರಡು ಕಲ್ಲಿನ ಮೇಲೆ ಹೊಟ್ಟೆ ಊರಿ ಸುಮ್ಮನಿತ್ತು.
ಭಾಷಾ ನಗರದ ಸಂದಿಯಲ್ಲಿ ಭಟ್ಟಿ ಆರಿದ ಹೊತ್ತು.
ಮಂಡಕ್ಕಿ ಸಿಡಿಯುವುದು ನಿಂತು
ಗೌಸ್‌ಪೀರನ ಲೇತಿನ ಸದ್ದಷ್ಟೇ ಉಳಿದಿತ್ತು.

"ಮಣ್ಣಾಗ ಓಡೋದನ್ನ ಟಾರಿಗೆ ಇಳಿಸ್ತೀಯಲ್ಲ ವನಜಿ,
ತಲಿ ನೆಟ್ಟಗೈತಾ?"

ನಾನು ಹೇಳಲಿಲ್ಲ.
ಬಾತಿ ಗುಡ್ಡದ ಕೆಳಗೆ ನಾವು ಹಾರಿಸುತ್ತಿದ್ದ ದಿಬ್ಬ
ಈಗ ಸೈಟ್ ನಂಬರ್ ನೂರಾ ನಲವತ್ತು.
ಮೂವತ್ತಡಿ ರೋಡು, ಹೊಚ್ಚ ಹೊಸ ಟಾರು,
ಮನೆ ಒಂದೂ ಇಲ್ಲ.
ಸುಣ್ಣ ಬಳಿದ ಕಲ್ಲುಗಳು, ಒಂದು ಕಮಾನು,
ಕಮಾನಿನ ಮೇಲೆ ನಮ್ಮೂರಲ್ಲಿ ಬೆಳೆಯದ ಯಾವುದೋ ಹೂವಿನ ಹೆಸರು.
ಟ್ರ್ಯಾಕು ಹೋಯಿತೆಂದು ಉಳಿದವರು ಬೈಕು ಮಾರಿದರು.
ನಾನು ಒಂದು ತಿಂಗಳು ಅದನ್ನು ಬರೀ ಒರೆಸಿದೆ.

ಗುಜರಿಯಲ್ಲಿ ಸಿಕ್ಕವು ಇವೆರಡು:
ಪಲ್ಸರಿನವು, ಅಲಾಯ್, ಹದಿನೇಳಿಂಚು,
ಮುಂದಿನದರ ಅಂಚಲ್ಲಿ ಉದ್ದಕ್ಕೊಂದು ತರಚು.
"ಆಕ್ಸಿಡೆಂಟಿನದ್ದಾ?" ಅಂದೆ.
"ಗಾಲಿಗೇನೂ ಆಗಿಲ್ಲ" ಅಂದ ಗುಜರಿಯವ.
ಮತ್ತೆ ಕೇಳಲಿಲ್ಲ.

ಯಾವುದೂ ಯಾವುದಕ್ಕೂ ಸಲೀಸಾಗಿ ಕೂರುವುದಿಲ್ಲ.
ಆಕ್ಸಲ್ ದಪ್ಪ, ಬೇರಿಂಗಿನ ಬಾಯಿ ಸಣ್ಣದು.
ಬೇರಿಂಗ್ ಬದಲಿಸಿದರೆ, ಫೋರ್ಕಿನ ನಡುವೆ ಗಾಲಿ
ಬೀಗರ ಮನೆಯಲ್ಲಿ ಮೊದಲ ಸಲ ಉಣ್ಣಲು ಕೂತವನಂತೆ
ಎತ್ತ ಸರಿಯಬೇಕೋ ತಿಳಿಯದೆ ಅಲುಗುತ್ತದೆ.
ಎಡಕ್ಕೆ ಒಂಬತ್ತು ಎಂಎಂ ಬುಷ್, ಬಲಕ್ಕೆ ಆರೂವರೆ.
ಗೌಸ್‌ಪೀರ್ ಅಳತೆ ಬರೆಯುವುದು ಬೀಡಿ ಕಟ್ಟಿನ ಕಾಗದದ ಮೇಲೆ,
ಓದುವುದು ಬೆರಳಿನಿಂದ.
ಉಕ್ಕಿನ ಸಿಪ್ಪೆ ಸುರುಳಿ ಸುರುಳಿಯಾಗಿ
ನೀಲಿಗಟ್ಟಿ, ಅವನ ಚಪ್ಪಲಿಯ ಮೇಲೆ.
"ಅರ್ಧ ಎಂಎಂ ಅಂದ್ರ ಏನಂದ್ಕೊಂಡೀ?
ಡಿಸ್ಕು ಪ್ಯಾಡಿಗೆ ತಾಗಿ ದಾರಿ ತುಂಬ ಗೊಣಗ್ತೈತಿ."

ಚೈನಿನ ನೇರ ನೋಡಲು ದಾರ ಬೇಕು ಅಂದ.
ಮನೆಯಲ್ಲಿತ್ತು, ಅಜ್ಜಿಯದು,
ಕಾಟನ್ ಮಿಲ್ಲಿನ ಕೊನೆಯ ಪಾಳಿಯ ದಿನ
ಸೆರಗಲ್ಲಿ ಕಟ್ಟಿ ತಂದ ಒಂದು ಕೋನು.
ಸ್ಪ್ರಾಕೆಟ್ಟಿನಿಂದ ಸ್ಪ್ರಾಕೆಟ್ಟಿಗೆ ಎಳೆದು ಹಿಡಿದೆವು.
ಬಿಳಿ ಗೆರೆ. ಕೂದಲೆಳೆಯಷ್ಟು ಸೊಟ್ಟ.
ಗೌಸ್‌ಪೀರ್ ಏನೂ ಅನ್ನದೆ ಬುಷ್ ಮತ್ತೆ ಬಿಚ್ಚಿದ.

ಭಟ್ಟಿಯ ಹುಡುಗ ಬಂದು
"ಹಳೇ ಟೈರು ಕೊಡಕ್ಕಾ, ಉರಿಗೆ ಆಗ್ತಾವ" ಅಂದ.
ಹಲ್ಲುಹಲ್ಲಿನ ರಬ್ಬರು, ಸಂದಿಗಳಲ್ಲಿ ಇನ್ನೂ
ಆ ದಿಬ್ಬದ ಕೆಂಪು ಮಣ್ಣು.
ಕೊಡುವೆ ಅನ್ನಲಿಲ್ಲ. ಇಲ್ಲ ಅನ್ನಲೂ ಇಲ್ಲ.

ನಟ್ಟು ಬಿಗಿದು, ಕಲ್ಲು ತೆಗೆದು, ಸ್ಟ್ಯಾಂಡ್ ಹಾಕಿ ಕೈಬಿಟ್ಟೆವು.
ಬೈಕು ಒಂದು ಕ್ಷಣ ನೆಟ್ಟಗೆ ನಿಂತಿತು, ಪೂರಾ ನೆಟ್ಟಗೆ,
ಆಮೇಲೆ ಬಲಕ್ಕೆ ಧಡಾರನೆ ಬಿತ್ತು.
ಗಾಲಿ ಕುಗ್ಗಿತ್ತು, ಮೈ ಇಳಿದಿತ್ತು,
ಸ್ಟ್ಯಾಂಡಿನ ಕಾಲು ಮಾತ್ರ ಹಳೆಯ ಎತ್ತರದಲ್ಲೇ ಇತ್ತು.
ಗೌಸ್‌ಪೀರ್ ನಕ್ಕು ನಕ್ಕು ಕೆಮ್ಮಿದ.
ಎರಡಿಂಚು ಕೊಯ್ದು ಪಾದ ಮತ್ತೆ ಬೆಸೆದ.

ಬೆಳಗ್ಗೆ ಆರಕ್ಕೆ ಕಮಾನಿನ ಕೆಳಗೆ ಹಾಯ್ದೆ.
ಮೀಟರು ಅರವತ್ತು ಅಂದಿತು; ಇದ್ದದ್ದು ಐವತ್ತು.
ಸಣ್ಣ ಗಾಲಿ, ದೊಡ್ಡ ಮಾತು.
ಎರಡನೇ ಅಡ್ಡರಸ್ತೆ, ಎಡ ತಿರುವು:
ಎಡಗಾಲು ಚಾಚಿ, ಬಲಗಾಲಲ್ಲಿ ಬ್ರೇಕು ಮೆಟ್ಟಿ,
ಹಿಂದಿನ ಗಾಲಿಯನ್ನು ಅದರ ಪಾಡಿಗೆ ಬಿಟ್ಟೆ.
ಜಾರಿತು, ಮಣ್ಣಲ್ಲಿ ಜಾರಿದಂತೆಯೇ,
ಆದರೆ ಕೊನೆಗೆ ಟಾರು ಹಿಡಿದುಕೊಂಡಿತು,
ಮಣ್ಣು ಎಂದೂ ಹಾಗೆ ಹಿಡಿದಿರಲಿಲ್ಲ.
ಮುಂದೆ ಕಂಟ್ರಾಕ್ಟರು ಬಿಟ್ಟುಹೋದ ಐವತ್ತು ಗಜ,
ಬರೀ ಮಣ್ಣು. ನುಣುಪು ಟೈರು ತಡವರಿಸಿತು.
ನಾನು ತಡವರಿಸಲಿಲ್ಲ. ಆಮೇಲೆ ಮತ್ತೆ ಟಾರು.

ವಾಚ್‌ಮನ್ ಚಹದ ಲೋಟ ಹಿಡಿದೇ ಹೊರಬಂದ.
"ಸೈಟ್ ನೋಡಾಕ ಬಂದೀರಾ?"
ಹೌದು, ನೂರಾ ನಲವತ್ತು ಎಲ್ಲಿ ಬರ್ತದೆ?
ಲೋಟದಿಂದಲೇ ತೋರಿಸಿದ.
ಅಲ್ಲಿ ಹೋಗಿ ನಿಲ್ಲಿಸಿ, ಸ್ಟ್ಯಾಂಡ್ ಹಾಕಿ ಇಳಿದೆ.
ಎಡಕ್ಕೆ ವಾಲಿ
ನಿಂತಿತು.