ಉಗುರಿನಷ್ಟು

ಜಾಗ ಮುಗಿಯಿತು ಎಂದಿತು ಸರ್ವರ್
ಉಣ್ಣೆಯ ಕಾಲುಚೀಲಗಳ ಕಪಾಟಿನೊಳಗಿಂದ.
ತುಂಬಿದ್ದು ಸಿನಿಮಾಗಳಲ್ಲ, ಅವುಗಳ ಥಂಬ್‌ನೇಲು.
ಒಂದೊಂದೂ ಹೆಬ್ಬೆರಳ ಉಗುರಿನಷ್ಟು, ಒಟ್ಟು ಮೂರು ಲಕ್ಷ.

"ಅಳಿಸಿಬಿಡು ಸುನ್ವೋರ್, ಯಂತ್ರ ತಾನೇ
ಮತ್ತೆ ಮಾಡಿಕೊಳ್ಳುತ್ತೆ" ಅಂದ ಬ್ರಾಂದುರ್,
ಕ್ಲಾಕ್ಸ್‌ವೀಕಿನ ಬಂದರಲ್ಲಿ ಬಲೆ ಹೊಲಿಯುತ್ತ.

ಹೌದು, ಮಾಡಿಕೊಳ್ಳುತ್ತೆ.
ಆದರೆ ಮಾಲಾನ್ ಚಿಕ್ಕಮ್ಮನ ನಲವತ್ತೇಳು ನಿಮಿಷಗಳಲ್ಲಿ
ಅದು ಹೆಕ್ಕಿದ್ದು ಸೀನು ಬರುವ ಮುಂಚಿನ ಗಳಿಗೆ:
ಅರೆಮುಚ್ಚಿದ ಕಣ್ಣು, ತೆರೆದ ಬಾಯಿ,
ಕೈಯಲ್ಲೊಂದು ಅರೆಸುಲಿದ ಆಲೂಗಡ್ಡೆ.
ಇನ್ನೊಮ್ಮೆ ಕೇಳಿದರೆ ಕೊಟ್ಟೀತು
ನೆಟ್ಟಗೆ ಕೂತು ನಗುವ
ಬೇರೆ ಯಾರದೋ ಚಿಕ್ಕಮ್ಮನನ್ನು.

ಅದಕ್ಕೇ ಸಾಗಿಸಿದೆ, ಗುರುಗುಟ್ಟುವ ಹಳೆಯ ಡಿಸ್ಕಿಗೆ.
ಮನೆ ಬದಲಿಸಿದವರಿಗೆ ಗೊತ್ತು:
ಮಂಚ ಒಂದೇ ಏಟಿಗೆ ಹೋಗುತ್ತದೆ,
ರಾತ್ರಿಯಿಡೀ ಹಿಡಿಯುವುದು ಚಮಚಗಳು.

ಹಳೆಯ ಬಾಗಿಲಿಗೆ ಚೀಟಿ ಅಂಟಿಸಿದೆ:
ಇಲ್ಲಿಲ್ಲ, ಅಲ್ಲಿದ್ದೇವೆ.
ಬೆಳಗಿನ ನಾಲ್ಕಕ್ಕೆ ಪರದೆ ತುಂಬ ಬೂದು ಚೌಕಗಳು.
ಒಳಬರಲು ಅನುಮತಿ ಕೊಡುವುದನ್ನೇ ಮರೆತಿದ್ದೆ.
ಕೊಟ್ಟೆ.

ಕುರಿಗಳು, ಮದುವೆಗಳು, ಕೌಬಾಯ್‌ಗಳು,
ಒಂದೊಂದಾಗಿ ಬಂದರು ಎಲ್ಲ.
ಕೊನೆಗೆ ಮಾಲಾನ್.
ಇನ್ನೂ ಸೀನಿಲ್ಲ.